ತಲಕಾವೇರಿಯೂ ತೊರೆಕಾಡನಹಳ್ಳಿಯೂ

2024ನೆಯ ಇಸವಿಯ ಅಕ್ಟೋಬರ್ ತಿಂಗಳ 16ನೆಯ ದಿನ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಕಾವೇರಿ ನೀರಿನ ಯೋಜನೆಯ ಐದನೆಯ ಹಂತವು ವಿಜೃಂಭಣೆಯಿಂದ ಉದ್ಘಾಟಿತವಾಯಿತು. ಬೆಂಗಳೂರು ನಗರಕ್ಕೆ ಹೊಸದಾಗಿ ಸೇರಿದ 110 ಹಳ್ಳಿಗಳ ಬಾಯಾರಿಕೆಯನ್ನು ತಣಿಸುವುದಕ್ಕಾಗಿ ದಿನವೊಂದಕ್ಕೆ 77 ಕೋಟಿ 50 ಲಕ್ಷ ಲೀಟರು ನೀರನ್ನು ಸುಮಾರು ನೂರು ಕಿಲೋಮೀಟರು ದೂರ ನೂಕಿ, ಸುಮಾರು ಐನೂರು ಮೀಟರು ಎತ್ತರಕ್ಕೆ ಏರಿಸುವ ಯೋಜನೆಯಿದು. ಅದರ ಮರುದಿನವೇ, ಎಂದರೆ 17ರಂದು, ತುಲಾಸಂಕ್ರಮಣದ ಪುಣ್ಯಕಾಲದಲ್ಲಿ ತಲಕಾವೇರಿಯ ಕುಂಡಿಕೆಯಲ್ಲಿ ತೀರ್ಥೋದ್ಭವವಾಯಿತು. ಒಂದೇ ನದಿಯ ಎರಡು ಉತ್ಸವಗಳು ಅಕ್ಕಪಕ್ಕದ ಎರಡು ದಿನಗಳಲ್ಲಿ ನಡೆದುಹೋದುವು. ಆದರೆ ಈ ಎರಡಕ್ಕೂ ಪರಸ್ಪರ ಸಂಬಂಧವುಂಟೆಂದು ಒಪ್ಪಿಕೊಂಡು, ಆ ಸಂಬಂಧದ ಹೊಣೆಯನ್ನು ಹೊರತಕ್ಕ ಸಂಸ್ಥೆಯೊಂದು ಈ ನಾಡಿನಲ್ಲಿ ಇಲ್ಲ. ಈ ಲೇಖನದ ಆಕ್ಷೇಪವು ಇದೇ.

ಆ ಋತುವಿನಲ್ಲಿ ನಡೆದ ಇನ್ನೆರಡು ಸಂಗತಿಗಳನ್ನೂ ವಾಚಕರು ನೆನಪಿಗೆ ತಂದುಕೊಳ್ಳಬೇಕು. ಉದ್ಘಾಟನೆಗೆ ಮೂರು ವಾರ ಮುಂಚೆ, ಸೆಪ್ಟೆಂಬರ್ 26ರಂದು, ರಾಜ್ಯದ ಸಚಿವ ಸಂಪುಟವು ಪಶ್ಚಿಮ ಘಟ್ಟಗಳ ರಕ್ಷಣೆಯನ್ನು ಕುರಿತ ಕಸ್ತೂರಿರಂಗನ್ ಸಮಿತಿಯ ವರದಿಯನ್ನು ತಿರಸ್ಕರಿಸಿತು. ಉದ್ಘಾಟನೆಯಾದ ಮರುತಿಂಗಳಿನಲ್ಲಿ, ಘಟ್ಟದ ನದಿಗಳ ನೀರನ್ನು ಕುಡಿಯುವ ಪಟ್ಟಣಗಳ ನೀರಿನ ಬಿಲ್ಲಿನ ಮೇಲೆ ತಿಂಗಳಿಗೆ ಎರಡು ಮೂರು ರೂಪಾಯಿಗಳ ‘ಹಸಿರು ಕರ’ವನ್ನು ಹಾಕಿ ಘಟ್ಟಗಳ ಸಂರಕ್ಷಣೆಗೆ ನಿಧಿಯನ್ನು ಕೂಡಿಸಬೇಕೆಂದು ಅರಣ್ಯ ಸಚಿವ ಈಶ್ವರ ಖಂಡ್ರೆಯವರು ಸೂಚಿಸಿದರು. ಮಲೆಯನ್ನು ಕಾಯುವ ವರದಿ ಬೇಡ, ಮಲೆಯ ನೀರು ಇನ್ನಷ್ಟು ಬೇಕು, ಮಲೆಯ ಹೆಸರಿನಲ್ಲಿ ಕರ ಬರಲಿ ಎಂಬ ಮೂರು ಮಾತುಗಳು ಎರಡು ತಿಂಗಳೊಳಗೆ ಒಂದೇ ಸರ್ಕಾರದ ಬಾಯಿಂದ ಹೊರಟುವು. ಇವುಗಳಲ್ಲಿ ಯಾವುದೊಂದನ್ನೂ ಪ್ರತ್ಯೇಕವಾಗಿ ತೆಗೆದುಕೊಂಡರೆ ಸಮರ್ಥಿಸಬಹುದು. ಮೂರನ್ನೂ ಒಟ್ಟಿಗೆ ಇಟ್ಟು ನೋಡಿದವನಿಗೆ ಮಾತ್ರ, ಬೇರಿಗೆ ಕೊಡಲಿ ಎಲೆಗೆ ನೀರು ಎಂಬ ಗಾದೆ ಜ್ಞಾಪಕಕ್ಕೆ ಬಾರದೆ ಹೋಗದು.

ಇಲ್ಲಿ ಮೊದಲನೆಯ ಪೂರ್ವಪಕ್ಷವು ಹೀಗೆ ಏಳುತ್ತದೆ: “ಬೆಂಗಳೂರಿಗೆ ನೀರು ಬರುವುದು ಕಾಡಿನಿಂದಲ್ಲ, ಕಟ್ಟೆಯಿಂದ. ಮಳೆಯು ಸಮುದ್ರದಿಂದ ಬರುತ್ತದೆ, ಕಟ್ಟೆಯು ಅದನ್ನು ಹಿಡಿದಿಡುತ್ತದೆ, ಕೊಳವೆಯು ಅದನ್ನು ಸಾಗಿಸುತ್ತದೆ. ನಡುವೆ ಕಾಡಿಗೇನು ಕೆಲಸ?” ಈ ವಾದವನ್ನು ಹಾಸ್ಯಮಾಡಿ ತಳ್ಳಿಹಾಕುವುದು ಉಚಿತವಲ್ಲ, ಏಕೆಂದರೆ ಇದರಲ್ಲಿ ಅರ್ಧ ಸತ್ಯವಿದೆ. ಮರವಿದ್ದಲ್ಲಿಗೆ ಮೋಡವು ತಾನಾಗಿ ಓಡಿಬರುವುದೆಂದು ಪಾಠಶಾಲೆಯ ಮಕ್ಕಳಿಗೆ ಹೇಳಿಕೊಡುವ ಮಾತು ಅಷ್ಟು ಸರಳವಾಗಿ ನಿಲ್ಲತಕ್ಕದ್ದಲ್ಲ. ಮುಂಗಾರು ಮಾರುತವು ಅರಬ್ಬೀ ಸಮುದ್ರದಿಂದ ತೇವವನ್ನು ಹೊತ್ತು ತರುತ್ತದೆ, ಘಟ್ಟದ ಗೋಡೆಯು ಅದನ್ನು ಮೇಲಕ್ಕೆತ್ತಿ ಸುರಿಸುತ್ತದೆ. ಅಷ್ಟೇ ಅಲ್ಲದೆ ಮರವೂ ನೀರು ಕುಡಿಯುವ ಪ್ರಾಣಿಯೇ. ಶೋಲಾ ಕಾಡಿನ ಮೇಲಣ ಹುಲ್ಲುಗಾವಲಿನಲ್ಲಿ ನೀಲಗಿರಿಯನ್ನೋ ಅಕೇಶಿಯವನ್ನೋ ನೆಟ್ಟು ‘ವನಮಹೋತ್ಸವ’ವನ್ನು ಮಾಡಿದವರು ತೊರೆಗಳಿಗೆ ಉಪಕಾರ ಮಾಡಲಿಲ್ಲ.

ಆದರೆ ಉಳಿದ ಅರ್ಧವನ್ನು ಪೂರ್ವಪಕ್ಷಿಯು ಮರೆತಿದ್ದಾನೆ. ಬ್ರಹ್ಮಗಿರಿಯ ಸೀಮೆಯಲ್ಲಿ ವರ್ಷದ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿದು ಮುಗಿಯುತ್ತದೆ. ಕುಡಿಯುವವರಾದರೋ ಹನ್ನೆರಡು ತಿಂಗಳೂ ಕುಡಿಯತಕ್ಕವರು. ನಾಲ್ಕು ತಿಂಗಳ ಮಳೆಯನ್ನು ಹನ್ನೆರಡು ತಿಂಗಳ ಹರಿವನ್ನಾಗಿ ಮಾರ್ಪಡಿಸುವ ಮೊದಲನೆಯ ಜಲಾಶಯವು ಕನ್ನಂಬಾಡಿಯ ಕಟ್ಟೆಯಲ್ಲ, ಮಲೆಯ ಮಣ್ಣು. ತರಗೆಲೆಯ ಹೊದಿಕೆಯೂ ಬೇರುಗಳ ಹೆಣಿಗೆಯೂ ಹುಳುಗಳು ಕೊರೆದ ರಂಧ್ರಗಳೂ ಕೂಡಿ ಮಳೆಯ ಹೊಡೆತವನ್ನು ಮುರಿದು ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತವೆ; ಅದು ಬಂಡೆಯ ಬಿರುಕುಗಳಲ್ಲಿ ಮೆಲ್ಲಮೆಲ್ಲನೆ ಇಳಿದು, ಮಕರಸಂಕ್ರಾಂತಿ ಕಳೆದ ಮೇಲೆಯೂ ಒರತೆಯಾಗಿ ತೊರೆಗೆ ಬೀಳುತ್ತದೆ. ಈ ಹೊದಿಕೆಯನ್ನು ತೆಗೆದರೆ ಮಳೆ ಕಡಮೆಯಾಗಲಿಕ್ಕಿಲ್ಲ. ಆದರೆ ಬಿದ್ದ ಮಳೆಯೆಲ್ಲ ಒಂದೇ ವಾರದಲ್ಲಿ ಕೆಸರಾಗಿ ಕಟ್ಟೆಗೆ ನುಗ್ಗುತ್ತದೆ. 2018ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಮಡಿಕೇರಿಯ ಸುತ್ತಣ ಗುಡ್ಡಗಳು ಜರಿದಾಗ ಏನಾಯಿತೆಂಬುದನ್ನು ಹಾರಂಗಿಯ ಜಲಾಶಯವು ತೋರಿಸಿಕೊಟ್ಟಿತು. ಹೂಳು ತುಂಬಿದ ಕಟ್ಟೆಗೆ ಗೋಡೆಯಿರುತ್ತದೆ, ಬಾಗಿಲಿರುತ್ತದೆ, ಎಂಜಿನಿಯರರೂ ಇರುತ್ತಾರೆ. ನೀರಿಗೆ ಮಾತ್ರ ಎಡೆಯಿರುವುದಿಲ್ಲ. ಆ ವರ್ಷದ ಮಳೆ ಅಸಾಧಾರಣವಾಗಿತ್ತೆಂಬುದು ನಿಜ. ಆದರೆ ರಸ್ತೆಗಾಗಿ, ಮನೆಗಾಗಿ, ಪ್ರವಾಸಿಗಳ ತಂಗುದಾಣಗಳಿಗಾಗಿ ಗುಡ್ಡದ ಬುಡವನ್ನು ಲಂಬವಾಗಿ ಕಡಿದಿದ್ದೂ ಅಷ್ಟೇ ನಿಜ.

ನೀರಿನ ಮೂಲವನ್ನು ಕೆಡಿಸಿ ಕೊಳವೆಯನ್ನು ಉದ್ದಮಾಡುವ ವಿದ್ಯೆಯು ಬೆಂಗಳೂರಿಗೆ ಹೊಸದಲ್ಲ. ಆ ನಗರದ ಮೊದಲನೆಯ ಮಾತೃನದಿಯು ಕಾವೇರಿಯಲ್ಲ. ನಂದಿಬೆಟ್ಟದಲ್ಲಿ ಹುಟ್ಟಿ ಹೆಸರಘಟ್ಟದ ಮೂಲಕ ಇಳಿದುಬರುವ ಅರ್ಕಾವತಿ. 1896ರಲ್ಲಿ ಹೆಸರಘಟ್ಟದ ಕೆರೆಯಿಂದಲೂ, 1933ರಿಂದ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರದಿಂದಲೂ ನಗರವು ನೀರನ್ನು ತರಿಸಿಕೊಂಡಿತು. ಎರಡು ತಲೆಮಾರುಗಳ ತರುವಾಯ ಮೊದಲನೆಯದು ಬಹುಕಾಲ ಬರಿದಾಗಿ ಬಿದ್ದಿತು. ಎರಡನೆಯದರ ನೀರು ಊರಿನ ಹೊಲಸಿನಿಂದ ಕುಡಿಯಲು ಬಾರದಂತಾಯಿತು. ಆ ಜಲಾನಯನವನ್ನು ಕಾಯುವುದಕ್ಕೆಂದು 2003ರಲ್ಲಿ ಸರ್ಕಾರವು ಆಜ್ಞೆಯೊಂದನ್ನು ಹೊರಡಿಸಿತಷ್ಟೆ. 2019ರಲ್ಲಿ ಅದೇ ಆಜ್ಞೆಯ ಕಟ್ಟುಗಳನ್ನು ಸಡಿಲಿಸಿತು. ಆಜ್ಞೆ ಹೊರಡಿಸಿದವರೊಬ್ಬರು, ಬಡಾವಣೆಗೆ ಅನುಮತಿ ಕೊಟ್ಟವರು ಇನ್ನೊಬ್ಬರು, ಕೊಳವೆಬಾವಿಗೆ ವಿದ್ಯುತ್ತು ಕೊಟ್ಟವರು ಮತ್ತೊಬ್ಬರು, ನೀರಿಗಾಗಿ ಕೈಯೊಡ್ಡಿ ನಿಂತ ಜಲಮಂಡಳಿಯು ನಾಲ್ಕನೆಯದು. ಯಾರೂ ಅರ್ಕಾವತಿಯನ್ನು ಕೊಲ್ಲಬೇಕೆಂದು ಬಯಸಲಿಲ್ಲ. ತಂತಮ್ಮ ಕಚೇರಿಯ ಕೆಲಸವನ್ನು ಎಲ್ಲರೂ ನಿಯಮಬದ್ಧವಾಗಿಯೇ ಮಾಡಿದರು, ನದಿಯು ಸತ್ತಿತು. ಅಷ್ಟು ಹೊತ್ತಿಗೆ 1974ರಲ್ಲಿ ಕಾವೇರಿಯ ಮೊದಲನೆಯ ಹಂತವು ಬಂದಿದ್ದುದರಿಂದ ನಗರಕ್ಕೆ ಆ ಸಾವು ತಿಳಿಯಲೂ ಇಲ್ಲ. ಕಾವೇರಿಗೂ ಇದೇ ಗತಿ ಬಂದರೆ ಆರನೆಯ ಹಂತವನ್ನು ಯಾವ ನದಿಯಿಂದ ತರಬೇಕೆಂಬುದನ್ನು ಹೇಳುವವರುಂಟೆ?

ಈಗ ಕಾವೇರಿಯ ಮೇಲ್ಭಾಗದಲ್ಲಿ ಯಾರ ಅಧಿಕಾರವು ಎಲ್ಲೆಲ್ಲಿ ನಡೆಯುತ್ತದೆಂಬುದನ್ನು ನೋಡೋಣವೆಂದರೆ ತಲೆ ತಿರುಗುವುದು. ಮೀಸಲು ಅರಣ್ಯವೂ ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿಗಳ ವನ್ಯಧಾಮಗಳೂ ಅರಣ್ಯ ಇಲಾಖೆಯವು. ಪೈಸಾರಿಯೂ ಬಾಣೆಗಳ ದಾಖಲೆಯೂ ಕಂದಾಯ ಇಲಾಖೆಯವು. ತೋಟದ ಬೆಳೆಗೆ ಬುದ್ಧಿಹೇಳುವುದು ಕೇಂದ್ರ ಸರ್ಕಾರದ ಕಾಫಿ ಮಂಡಳಿ. ಕಟ್ಟೆಗಳು ಕಾವೇರಿ ನೀರಾವರಿ ನಿಗಮದವು. ಹೋಂಸ್ಟೇಗಳಿಗೆ ಹಾದಿಯನ್ನು ತೋರಿಸುವುದು ಪ್ರವಾಸೋದ್ಯಮ ಇಲಾಖೆ, ಅವುಗಳ ಕೊಳಚೆಯನ್ನು ನೋಡಿಕೊಳ್ಳಬೇಕಾದುದು ಪಂಚಾಯತಿ. ಇವರೆಲ್ಲರ ಮೇಲೆ, ಸುಪ್ರೀಂ ಕೋರ್ಟಿನ ತೀರ್ಪಿನಂತೆ 2018ರಲ್ಲಿ ಏರ್ಪಟ್ಟ ಕಾವೇರಿ ಜಲ ನಿರ್ವಹಣಾ ಪ್ರಾಧಿಕಾರವು ದೆಹಲಿಯಲ್ಲಿ ಕುಳಿತು ಬಿಳಿಗುಂಡ್ಲುವಿನ ಮಾಪಕವನ್ನು ನೋಡುತ್ತಿದೆ. ಕರ್ನಾಟಕಕ್ಕೆ 284.75 ಟಿಎಂಸಿ, ತಮಿಳುನಾಡಿಗೆ 404.25 ಟಿಎಂಸಿ, ಕೇರಳಕ್ಕೆ 30, ಪುದುಚೇರಿಗೆ 7 ಎಂದು ಹಂಚಿಕೆಯು ದಶಾಂಶದವರೆಗೆ ನಿಶ್ಚಯವಾಗಿದೆ. 1892ರ ಒಪ್ಪಂದದಿಂದ ಮೊದಲಾಗಿ ನೂರಮೂವತ್ತು ವರ್ಷಗಳ ಕಾಲ ಅತಿಸೂಕ್ಷ್ಮ ಬುದ್ಧಿಯ ವಕೀಲರು ಪಾತ್ರೆಯ ನೀರನ್ನು ಪಾಲುಮಾಡುವುದರಲ್ಲಿ ತೊಡಗಿದರು. ಪಾತ್ರೆಯ ತಳ ಸೋರುತ್ತಿದೆಯೇ ಎಂದು ನೋಡುವುದು ಯಾರ ಪಾಲಿಗೂ ಬರಲಿಲ್ಲ. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬುದು ಇದಕ್ಕೇ ಹೇಳಿದ ಮಾತು.

ಇಲಾಖೆಗಳು ಒಂದನ್ನೊಂದು ಕೇಳದೆ ನಡೆದರೆ ಕೇವಲ ಕೆಲಸ ತಡವಾಗುವುದಷ್ಟೇ ಎಂದು ಕೆಲವರು ಭಾವಿಸಬಹುದು. ಹಾಗಲ್ಲ, ಕೆಲಸವು ವಿಪರೀತವಾಗುತ್ತದೆ. ಸ್ಥಾಲೀಪುಲಾಕ ನ್ಯಾಯದಿಂದ ಒಂದೇ ಅಗುಳನ್ನು ಹಿಸುಕಿ ನೋಡಿದರೆ ಸಾಕು. ಕೊಡಗಿನ ಕಾಫಿಯು ನೆರಳಿನ ಬೆಳೆ. ಹಲಸು, ನಂದಿ, ಬೀಟೆ, ಹೊನ್ನೆ ಮುಂತಾದ ನಾಡಮರಗಳ ಕೆಳಗೆ ಬೆಳೆದ ತೋಟವು ಕಾಡಲ್ಲವಾದರೂ ನೀರಿನ ದೃಷ್ಟಿಯಿಂದ ಕಾಡಿನ ತಂಗಿಯೆನ್ನಬಹುದು. ಆದರೆ ಆ ಜಿಲ್ಲೆಯ ಬಹಳಷ್ಟು ಭೂಮಿಯು ‘ಅನ್‌ರಿಡೀಮ್ಡ್’ ಎಂಬ ವರ್ಗಕ್ಕೆ ಸೇರಿದುದು. ಅದರ ಅರ್ಥವೇನೆಂದರೆ, ಮರದ ಬೆಲೆಯನ್ನು ಹಿಂದೆಂದೋ ಸರ್ಕಾರಕ್ಕೆ ಕಟ್ಟದೆ ಇರುವುದರಿಂದ ಭೂಮಿ ರೈತನದು, ಅದರ ಮೇಲಣ ನಾಡಮರ ಸರ್ಕಾರದ್ದು. ರೈತನ ಅಜ್ಜನು ಕಾದು ಬೆಳೆಸಿದ ಮರವು ಗಾಳಿಗೆ ಬಿದ್ದರೂ ಮೊಮ್ಮಗನು ಕಚೇರಿಯ ಮೆಟ್ಟಿಲು ಹತ್ತಬೇಕು. ಇತ್ತ, ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್ ಮರವನ್ನು ಕಡಿಯುವುದಕ್ಕೆ 1976ನೆಯ ಇಸವಿಯ ಮರಗಳ ಸಂರಕ್ಷಣಾ ಕಾಯಿದೆಯು ಅನುಮತಿಯನ್ನು ಕೇಳುವುದಿಲ್ಲ. ಅದು ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಕಡಿದು ಮಾರಿದರೆ ಮಗಳ ಮದುವೆಗಾಗುತ್ತದೆ. ಬುದ್ಧಿಯುಳ್ಳ ಗೃಹಸ್ಥನು ಯಾವುದನ್ನು ನೆಡುವನು? ಹೀಗೆ, ನಾಡಮರವನ್ನು ಉಳಿಸಬೇಕೆಂದು ಮಾಡಿದ ಕಾನೂನೇ ನಾಡಮರವನ್ನು ತೋಟದಿಂದ ಹೊರಡಿಸುತ್ತಿದೆ. ಅರಣ್ಯ ಇಲಾಖೆಯವರು ರೈತನ ಲೋಭವನ್ನು ದೂಷಿಸುತ್ತಾರೆ, ಕಂದಾಯದವರು ತಮ್ಮ ಕಡತವನ್ನು ತೋರಿಸುತ್ತಾರೆ. ಕೆಳಗೆ ನೀರು ಕುಡಿಯುವವನಿಗೆ ಇಂತಹದೊಂದು ಕಡತವುಂಟೆಂಬುದೇ ಗೊತ್ತಿಲ್ಲ.

ದೇವರಕಾಡುಗಳ ಕಥೆಯೂ ಹೀಗೆಯೇ. ಕೊಡಗಿನಲ್ಲಿ ಸಾವಿರದ ಇನ್ನೂರಕ್ಕೂ ಮೇಲ್ಪಟ್ಟು ದೇವರಕಾಡುಗಳುಂಟು. ಅಯ್ಯಪ್ಪನ ಹೆಸರಿನಲ್ಲಿಯೋ ಭಗವತಿಯ ಹೆಸರಿನಲ್ಲಿಯೋ ಕೊಡಲಿ ಬೀಳದೆ ಉಳಿದ ಈ ಚಿಕ್ಕಚಿಕ್ಕ ತೋಪುಗಳಲ್ಲಿ ಊರಿನ ಒರತೆಗಳು ಇರುವುದು ಆಕಸ್ಮಿಕವಲ್ಲ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಇವುಗಳನ್ನು ಅರಣ್ಯ ಇಲಾಖೆಯಿಂದ ಕಂದಾಯ ಇಲಾಖೆಗೆ ಒಪ್ಪಿಸಲಾಯಿತು. 1985ರಲ್ಲಿ ಮರಳಿ ಅರಣ್ಯ ಇಲಾಖೆಗೆ ಕೊಡಲಾಯಿತು. ನಡುವಣ ಎಂಬತ್ತು ವರ್ಷಗಳಲ್ಲಿ ಒತ್ತುವರಿಯಾದ ನೆಲವು ಮಾತ್ರ ಮರಳಿ ಬರಲಿಲ್ಲ. ದೇವರ ಭಯವಿದ್ದಷ್ಟು ಕಾಲ ಕಾಡು ಉಳಿಯಿತು, ಇಲಾಖೆಗಳ ನಡುವೆ ಕೈ ಬದಲಾಯಿಸತೊಡಗಿದ ಮೇಲೆ ಕರಗಿತು ಎಂದು ಹೇಳಿದರೆ ಅಧಿಕಾರಿಗಳಿಗೆ ಕೋಪ ಬರಬಹುದು. ಆದರೆ ಭೂಪಟವು ಇದನ್ನೇ ಹೇಳುತ್ತದೆ.

ಇನ್ನು ವರದಿಗಳ ವಿಚಾರ. 2010ರಲ್ಲಿ ನೇಮಕವಾದ ಮಾಧವ ಗಾಡ್ಗೀಳರ ಸಮಿತಿಯು 2011ರಲ್ಲಿ ಇಡಿಯ ಘಟ್ಟಶ್ರೇಣಿಯನ್ನು ಮೂರು ತರಗತಿಗಳಾಗಿ ವಿಭಾಗಿಸಿ, ನಿರ್ಣಯದ ಅಧಿಕಾರವು ಗ್ರಾಮಸಭೆಗಳಿಂದ ಮೊದಲಾಗಬೇಕೆಂದು ಹೇಳಿತು. ಅದು ಅತಿಯಾಯಿತೆಂದು 2012ರಲ್ಲಿ ಕಸ್ತೂರಿರಂಗನ್ ಸಮಿತಿಯನ್ನು ನೇಮಿಸಿದರು. ಅದು 2013ರಲ್ಲಿ ಘಟ್ಟದ ಶೇಕಡ 37ರಷ್ಟನ್ನು ಮಾತ್ರ ಸೂಕ್ಷ್ಮ ಪ್ರದೇಶವೆಂದು ಗುರುತಿಸಿತು. ಕರ್ನಾಟಕದ ಭಾಗಕ್ಕೆ 20,668 ಚದರ ಕಿಲೋಮೀಟರು ಬಂದಿತು. 2014ರಿಂದ 2024ರವರೆಗೆ ಕೇಂದ್ರ ಸರ್ಕಾರವು ಆರು ಬಾರಿ ಕರಡು ಅಧಿಸೂಚನೆಯನ್ನು ಪ್ರಕಟಿಸಿತು. ಕೃತಕ ಉಪಗ್ರಹವು ಮೇಲಿನಿಂದ ತೆಗೆದ ಚಿತ್ರದಲ್ಲಿ ತೋಟವೂ ಕಾಡೂ ಒಂದೇ ಹಸಿರಾಗಿ ಕಂಡುದರಿಂದ ತಮ್ಮ ಊರುಗಳು ಪಟ್ಟಿಗೆ ಸೇರಿದುವೆಂದು ಮಲೆನಾಡಿಗರು ದೂರಿದರು. ಆ ದೂರು ಅನ್ಯಾಯವಾದುದಲ್ಲ. ಗದ್ದೆ ತೋಟಗಳನ್ನು ನೆಚ್ಚಿ ಬದುಕುವವನಿಗೆ “ನಿನ್ನ ಊರು ಸೂಕ್ಷ್ಮ” ಎಂದು ಇಂಗ್ಲಿಷಿನ ಗೆಜೆಟ್ಟಿನಲ್ಲಿ ಹೇಳಿ, ಅದರಿಂದ ಅವನಿಗೇನು ನಷ್ಟ, ಏನು ಲಾಭ, ಯಾರು ಕೊಡುತ್ತಾರೆ ಎಂಬುದನ್ನು ಹೇಳದೆ ಬಿಟ್ಟರೆ ಅವನು ಭೀತನಾಗುವುದು ಸಹಜ. ಪಟ್ಟಣದ ಪರಿಸರಪ್ರಿಯರು ಹವಾನಿಯಂತ್ರಿತ ಸಭೆಯಲ್ಲಿ ಕುಳಿತು ಈ ಭಯವನ್ನು ಅಜ್ಞಾನವೆಂದು ಕರೆದುದು ಸಭ್ಯತೆಯಲ್ಲ. ಹಾಗೆಂದ ಮಾತ್ರಕ್ಕೆ ಸಚಿವ ಸಂಪುಟದ ತಿರಸ್ಕಾರವನ್ನು ಒಪ್ಪತಕ್ಕದ್ದೂ ಅಲ್ಲ. ವೈದ್ಯನ ಮದ್ದು ಕಹಿಯಾಯಿತೆಂದು ಚೆಲ್ಲಿದವನು ಬೇರೆ ಮದ್ದನ್ನಾದರೂ ತರಿಸಬೇಕಷ್ಟೆ. ಸರ್ಕಾರವು ತಿರಸ್ಕರಿಸಿದ ವರದಿಯ ಸ್ಥಾನದಲ್ಲಿ ಏನನ್ನಿಟ್ಟಿತು? ಐದನೆಯ ಹಂತದ ಕೊಳವೆಯನ್ನು.

ಪರದೇಶದ ಒಂದು ನಗರವು ಇದೇ ಬಿಕ್ಕಟ್ಟನ್ನು ಹೇಗೆ ಎದುರಿಸಿತೆಂಬುದನ್ನು ತಿಳಿಯುವುದು ಪ್ರಯೋಜನಕರ. ಅಮೆರಿಕದ ನ್ಯೂಯಾರ್ಕ್ ನಗರಕ್ಕೆ ನೀರು ಬರುವುದು ಬಹುಮಟ್ಟಿಗೆ ಕ್ಯಾಟ್‌ಸ್ಕಿಲ್ ಮತ್ತು ಡೆಲಾವೇರ್ ಎಂಬ ಮಲೆಸೀಮೆಗಳಿಂದ. ಇಪ್ಪತ್ತನೆಯ ಶತಮಾನದಲ್ಲಿ ಕಟ್ಟೆಗಳನ್ನು ಕಟ್ಟುವಾಗ ನಗರವು ಅಲ್ಲಿನ ಹಳ್ಳಿಗಳನ್ನು ಬಲಾತ್ಕಾರದಿಂದ ಎಬ್ಬಿಸಿತ್ತು. ಆ ಗಾಯವನ್ನು ಮಲೆಯವರು ಮರೆತಿರಲಿಲ್ಲ. 1990ರಲ್ಲಿ ನಗರವು ನೀರಿನ ಶುದ್ಧತೆಗಾಗಿ ಕಠಿಣ ನಿಯಮಗಳ ಕರಡನ್ನು ಹೊರಡಿಸಿದಾಗ ಮಲೆಯ ಊರುಗಳು ಒಕ್ಕೂಟವನ್ನು ಕಟ್ಟಿಕೊಂಡು ತಿರುಗಿಬಿದ್ದುವು. ಇಲ್ಲಿಯವರೆಗೆ ಕಥೆಯು ಸಹ್ಯಾದ್ರಿಯದೇ. ಆದರೆ ಮುಂದೆ ಅಲ್ಲಿಯವರು ಆರನೆಯ ಕರಡನ್ನು ಬರೆಯಲಿಲ್ಲ. ಒಂದೇ ಮೇಜಿನ ಸುತ್ತ ಕುಳಿತರು. ನೀರನ್ನು ಸೋಸುವ ಯಂತ್ರಾಗಾರವನ್ನು ಕಟ್ಟಬೇಕಾದರೆ ಹಲವು ಶತಕೋಟಿ ಡಾಲರು ಬೇಕೆಂಬ ಲೆಕ್ಕವು ನಗರದ ಗರ್ವವನ್ನು ಇಳಿಸಿತ್ತು. 1997ರಲ್ಲಿ ನಗರ, ಸಂಸ್ಥಾನ, ಕೇಂದ್ರದ ಪರಿಸರ ಸಂಸ್ಥೆ, ಮಲೆಯ ಊರುಗಳು ಇವೆಲ್ಲ ಸೇರಿ ಒಂದು ಕರಾರಿಗೆ ರುಜು ಹಾಕಿದುವು. ಮಾರಲು ಮನಸ್ಸಿದ್ದವನಿಂದ ಮಾತ್ರ ಭೂಮಿಯನ್ನು ಕೊಳ್ಳತಕ್ಕದ್ದು, ಯಾರನ್ನೂ ಎಬ್ಬಿಸತಕ್ಕದ್ದಲ್ಲ. ದನಗಳು ತೊರೆಗಿಳಿಯದಂತೆ ಬೇಲಿ ಹಾಕುವ ರೈತನಿಗೂ ಕೊಳಚೆಗುಂಡಿಯನ್ನು ಸರಿಪಡಿಸಿಕೊಳ್ಳುವ ಗೃಹಸ್ಥನಿಗೂ ನಗರದ ಹಣವು ಸಲ್ಲತಕ್ಕದ್ದು ಎಂದು ಗೊತ್ತಾಯಿತು. ಆ ಎರಡು ಸೀಮೆಗಳ ನೀರನ್ನು ಯಂತ್ರದಲ್ಲಿ ಸೋಸದೆಯೇ ನಗರಕ್ಕೆ ಕೊಡುವ ವ್ಯವಸ್ಥೆ ಇದರಿಂದ ಉಳಿದುಬಂದಿತು.

“ಅವರು ಶ್ರೀಮಂತರು, ಇಲ್ಲಿ ಅದು ಸಲ್ಲದು” ಎನ್ನುವವರಿಗೆ ಹಿಮಾಚಲ ಪ್ರದೇಶದ ಪಾಲಂಪುರವನ್ನು ತೋರಿಸಬೇಕು. ಅದೊಂದು ಚಿಕ್ಕ ಪಟ್ಟಣ. ಬೋಹಲ್ ಎಂಬ ಬುಗ್ಗೆಯ ನೀರು ಅದರ ಆಧಾರ. 2010ರಲ್ಲಿ ಆ ಪಟ್ಟಣದ ಪುರಸಭೆಯು ಬುಗ್ಗೆಯ ಮೇಲಣ ಹಳ್ಳಿಗಳ ಅರಣ್ಯ ಸಂಘದೊಡನೆ ಕರಾರು ಮಾಡಿಕೊಂಡು, ಅವರು ಕಾಡನ್ನು ನೋಡಿಕೊಳ್ಳುವುದಕ್ಕಾಗಿ ವರ್ಷಕ್ಕೆ ಹತ್ತು ಸಾವಿರ ರೂಪಾಯಿಗಳನ್ನು ಕೊಡಲೊಪ್ಪಿತು. ಮೊಬಲಗು ನಗು ಬರುವಷ್ಟು ಅಲ್ಪ. ಆದರೆ ಕೊಡುವವನು ಯಾರು, ಪಡೆಯುವವನು ಯಾರು, ಏತಕ್ಕಾಗಿ ಎಂಬ ಮೂರೂ ಅಲ್ಲಿ ಬರೆದಿವೆ. ಬೆಂಗಳೂರಿನ ಕಡತಗಳಲ್ಲಿ ಇಲ್ಲದಿರುವುದು ಈ ಮೂರೇ.

ಇನ್ನು ಹಸಿರು ಕರದ ವಿಚಾರಕ್ಕೆ ಬರಬಹುದು. ನೀರು ದೇವರು ಕೊಟ್ಟದ್ದು, ಅದಕ್ಕೆ ಕರವೇಕೆ ಎಂದು ಕೇಳುವವರು, ಅದೇ ನೀರನ್ನು ಐನೂರು ಮೀಟರು ಮೇಲೇರಿಸುವ ವಿದ್ಯುತ್ತಿಗೆ ಹಣ ಕೊಡುತ್ತಲೇ ಇದ್ದಾರೆ. ಪಂಪಿಗೆ ಕೂಲಿಯುಂಟು, ಒರತೆಗೆ ಕೂಲಿಯಿಲ್ಲ ಎಂಬ ನ್ಯಾಯವು ಯಾವ ಶಾಸ್ತ್ರದ್ದು? ಆದುದರಿಂದ ಕರವು ತತ್ತ್ವತಃ ಯುಕ್ತವೇ. ದೋಷವಿರುವುದು ಅದರ ವಿನಿಯೋಗದಲ್ಲಿ. ಕಾಡಂಚಿನಲ್ಲಿ ಮಾರಲೊಪ್ಪಿದ ರೈತರ ಭೂಮಿಯನ್ನು ಕೊಳ್ಳುವುದಕ್ಕೂ ಈ ನಿಧಿಯಾಗಬಹುದೆಂದು ಸೂಚನೆಯಲ್ಲಿತ್ತು. ಬೆಂಗಳೂರಿನಲ್ಲಿ ಹತ್ತು ಲಕ್ಷ ನಲ್ಲಿಗಳೆಂದು ಇಟ್ಟುಕೊಂಡರೆ, ತಿಂಗಳಿಗೆ ಮೂರು ರೂಪಾಯಿಯಂತೆ ವರ್ಷಕ್ಕೆ 3 ಕೋಟಿ 60 ಲಕ್ಷ ರೂಪಾಯಿಯಾಗುತ್ತದೆ. ಕೊಡಗೊಂದರ ವಿಸ್ತೀರ್ಣವೇ 4,102 ಚದರ ಕಿಲೋಮೀಟರು. ಇತರ ಪಟ್ಟಣಗಳ ಹಣವನ್ನು ಕೂಡಿಸಿದರೂ, ಈಗಿನ ಕಾಫಿ ಭೂಮಿಯ ಬೆಲೆಯಲ್ಲಿ ಈ ಮೊಬಲಗಿಗೆ ಎಷ್ಟು ಎಕರೆ ಬಂದೀತು? ಕೊಂಡ ನೆಲವನ್ನಾದರೂ ಕಾಯುವವರು ಯಾರು? ಮಾರಿ ಹೋದವನು ಕಾಯುವುದಿಲ್ಲ, ಇದ್ದವನು ಕಾಯಬೇಕು. ನಾಡಮರವನ್ನು ಉಳಿಸಿಕೊಂಡ ತೋಟಕ್ಕೆ, ನಷ್ಟದಲ್ಲಿಯೂ ಬೈಲಿನ ಗದ್ದೆಯನ್ನು ಬಡಾವಣೆಗೆ ಮಾರದೆ ನೀರು ನಿಲ್ಲಿಸಿದ ಒಕ್ಕಲಿಗೆ, ದೇವರಕಾಡಿನ ಗಡಿಯನ್ನು ಕಾಯ್ದ ಊರಿನ ಸಮಿತಿಗೆ ವರ್ಷವರ್ಷವೂ ಇಷ್ಟೆಂದು ಕೊಟ್ಟರೆ, ಅಷ್ಟೇ ಹಣವು ಅದೆಷ್ಟೋ ಪಾಲು ಹೆಚ್ಚು ನೆಲದ ಮೇಲೆ ಕೆಲಸಮಾಡುವುದು.

ಆದರೆ ಆ ಹಣವು ಒಂದೇ ಇಲಾಖೆಯ ಕೈಗೆ ಬೀಳಕೂಡದು. ಅರಣ್ಯ ಇಲಾಖೆಗೆ ಕೊಟ್ಟರೆ ಬೇಲಿಯಾಗುವುದು, ಲೋಕೋಪಯೋಗಿಗೆ ಕೊಟ್ಟರೆ ರಸ್ತೆಯಾಗುವುದು, ಖಜಾನೆಗೆ ಹೋದರೆ ಏನೂ ಆಗದು. ಬೆಂಗಳೂರು ಜಲಮಂಡಳಿ, ಮೈಸೂರು ಮಂಡ್ಯಗಳ ನಗರಸಂಸ್ಥೆಗಳು, ನೀರಾವರಿ ನಿಗಮ, ಅರಣ್ಯ ಮತ್ತು ಕಂದಾಯ ಇಲಾಖೆಗಳು, ಕಾಫಿ ಮಂಡಳಿ, ಇವುಗಳ ಜೊತೆಗೆ ಸಮಸಂಖ್ಯೆಯಲ್ಲಿ ಮಲೆಯ ಗ್ರಾಮಪಂಚಾಯತಿಗಳ ಪ್ರತಿನಿಧಿಗಳು ಕುಳಿತ ಒಂದು ಮೇಲ್ಕಾವೇರಿ ಸಭೆಯು ಶಾಸನದ ಮೂಲಕ ಏರ್ಪಡಬೇಕು. ಅದು ಬೆಂಗಳೂರಿನಲ್ಲಲ್ಲ, ಮಡಿಕೇರಿಯಲ್ಲಿ ಸೇರತಕ್ಕದ್ದು. ಗುಡ್ಡ ಕಡಿಯುವ ಯಾವ ಕಾಮಗಾರಿಯೂ, ಅದು ಸರ್ಕಾರದ್ದೇ ಆಗಿರಲಿ, ಆ ಸಭೆಯ ಮುಂದೆ ಬಂದೇ ಹೋಗತಕ್ಕದ್ದು. ಅದರ ಮೊದಲನೆಯ ಕೆಲಸವು ಅನ್‌ರಿಡೀಮ್ಡ್ ಭೂಮಿಯ ಮರದ ಹಕ್ಕನ್ನು ಇತ್ಯರ್ಥಪಡಿಸುವುದು. ಇದಕ್ಕೆ ಹಣವೇ ಬೇಕಾಗಿಲ್ಲ, ಎರಡು ಇಲಾಖೆಗಳು ಒಂದು ಮೇಜಿನಲ್ಲಿ ಒಂದು ದಿನ ಕುಳಿತರಾಗುವುದು.

ನೀರು ತಮಿಳುನಾಡಿಗೂ ಹೋಗುವಾಗ ಬೆಂಗಳೂರು ಮಾತ್ರ ಏಕೆ ಕೊಡಬೇಕೆಂಬ ಆಕ್ಷೇಪವು ಕೊನೆಯದು. ಆಕ್ಷೇಪವು ಸರಿಯಾದುದೇ, ತಂಜಾವೂರಿನ ಗದ್ದೆಗಳೂ ಈ ಮಲೆಯ ಋಣದಲ್ಲಿವೆ. ವಯನಾಡಿನಲ್ಲಿ ಹುಟ್ಟಿ ಹರಿದುಬರುವ ಕಬಿನಿಗಾಗಿ ಕೇರಳದ ಹಳ್ಳಿಗಳಿಗೆ ಕರ್ನಾಟಕವೂ ಋಣಿಯೇ. ಕಾವೇರಿಯ ಜಲಾನಯನವು 81,155 ಚದರ ಕಿಲೋಮೀಟರಿನ ಒಂದು ಕುಟುಂಬ. ಆದರೆ ನೆರೆಯವನು ಸಾಲ ತೀರಿಸಲಿ, ಆಮೇಲೆ ನೋಡೋಣ ಎಂದವನ ಮನೆಗೆ ಮೊದಲು ಜಪ್ತಿ ಬರುವುದು. ಕರ್ನಾಟಕವು ತನ್ನ ಮನೆಯೊಳಗಣ ಲೆಕ್ಕವನ್ನು ಸರಿಪಡಿಸಿಕೊಂಡು, ಆ ಪತ್ರಗಳನ್ನು ದೆಹಲಿಯ ಪ್ರಾಧಿಕಾರದ ಮುಂದಿಟ್ಟು ಪಾಲು ಕೇಳಿದರೆ ಆ ಮಾತಿಗೆ ತೂಕವಿರುತ್ತದೆ. ಸಾಂಖ್ಯರು ಹೇಳುವ ಪಂಗ್ವಂಧ ನ್ಯಾಯದಲ್ಲಿ ಕುರುಡನು ಕುಂಟನನ್ನು ಹೆಗಲ ಮೇಲೆ ಹೊತ್ತುಕೊಳ್ಳುತ್ತಾನೆ. ಒಬ್ಬನ ಕಾಲು, ಇನ್ನೊಬ್ಬನ ಕಣ್ಣು ಸೇರಿ ಇಬ್ಬರೂ ಊರು ಸೇರುತ್ತಾರೆ. ಇಲ್ಲಿ ಹಣದ ಕಾಲುಳ್ಳ ನಗರವೂ, ಒರತೆ ಎಲ್ಲಿ ಬತ್ತಿತೆಂದು ಕಂಡ ಮಲೆಯೂ ಒಂದನ್ನೊಂದು ಮುಟ್ಟದೆ ನಿಂತಿವೆ. ಮುಂದಿನ ತುಲಾಸಂಕ್ರಮಣಕ್ಕೆ ಭಾಗಮಂಡಲಕ್ಕೆ ಹೋಗುವ ಬೆಂಗಳೂರಿನ ಗೃಹಸ್ಥನು, ತೀರ್ಥದ ಬಾಟಲಿಯನ್ನು ತುಂಬಿಸಿಕೊಳ್ಳುವ ಮುಂಚೆ, ಅಲ್ಲಿನ ಪಂಚಾಯತಿಯ ಅಧ್ಯಕ್ಷರನ್ನು ಕಂಡು, ತನ್ನ ನೀರಿನ ಬಿಲ್ಲಿನಲ್ಲಿ ಅವರ ಪಾಲು ಎಷ್ಟೆಂದು ಕೇಳಿ ಬರಲಿ.